ತಪ್ಪು ಸ್ವರದಿಂದ ಮುಂದೆ

ಸನತ್‌ನಗರ, ಹೈದರಾಬಾದ್
13 ಜೂನ್ 2004

ಅಪ್ಪಾ,

ನಿಮಗೂ ಅವ್ವನಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ. ಅವ್ವ ಕಳಿಸಿದ ಶೇಂಗಾ ಚಟ್ನಿ ಮುಗಿಯಿತು. ಅರ್ಧ ತಿಂದವಳು ನನ್ನ ಜೊತೆ ಕೋಣೆಯಲ್ಲಿರುವ ಭವಾನಿ. ಬೀದರ ಕಡೆಯವಳು, ನನ್ನದೇ ಕಚೇರಿ. ಮುಂದಿನ ಸಲ ಎರಡು ಡಬ್ಬಿ ಕಳಿಸಬೇಕಂತೆ, ಹಾಗೆಂದು ಬರೆಯಲು ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ.

ಒಂದು ಸುದ್ದಿ ಇದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ತಮ್ಮ ಚನ್ನುವಿನ ಅಂಗಡಿಯ ಫೋನಿಗೆ ಬಂದರೆ ನೀವು "ಆರಾಮ ಅದೀಯಾ? ಊಟ ಆತಾ? ಇಡ್ಲಾ?" ಎನ್ನುವುದನ್ನು ಬಿಟ್ಟು ಮತ್ತೊಂದು ಮಾತು ಆಡುವುದಿಲ್ಲ. ಕಾಗದದಲ್ಲಿ ನೀವು ಬೇರೆಯೇ ಮನುಷ್ಯ. ನೀವು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರಾಗಿ ಊರೂರು ತಿರುಗುವಾಗ ಪ್ರತಿ ಕ್ಯಾಂಪಿನಿಂದ ಬರೆದ ಕಾಗದಗಳನ್ನು ಓದಿಯೇ ನಾನು ನಿಮ್ಮ ಗುರುತು ಮಾಡಿಕೊಂಡವಳು. ಈಗ ನೀವು ಮುದಗಲ್ಲಿನಲ್ಲಿ ಕೂತಿದ್ದೀರಿ, ನಾನು ಕ್ಯಾಂಪಿನಲ್ಲಿದ್ದೇನೆ. ಅದಕ್ಕೇ ಕಾಗದ.

ಸುದ್ದಿ ಇಷ್ಟು. ನಾನು ಗಿಟಾರ್ ಕಲಿಯುತ್ತಿದ್ದೇನೆ.

ಬೈಯುವ ಮೊದಲು ಪೂರ್ತಿ ಓದಿ. ಕಳೆದ ತಿಂಗಳು ನಮ್ಮ ಕಚೇರಿಯವರು ಬೇಗಂಪೇಟೆಯ ಒಂದು ದೊಡ್ಡ ಹೋಟೆಲಿನಲ್ಲಿ ಚಹಾಕೂಟ ಇಟ್ಟಿದ್ದರು. ಅಲ್ಲಿ ಮೂವರು ಬಾರಿಸುತ್ತಿದ್ದರು. ಒಬ್ಬ ಡ್ರಮ್ಮು, ಒಬ್ಬ ಆಳೆತ್ತರದ ದೊಡ್ಡ ತಂತಿವಾದ್ಯ, ಮೂರನೆಯವರು ನಿಮ್ಮ ವಯಸ್ಸಿನವರು, ಗಿಟಾರ್. ಯಾರೋ ಒಂದು ಹಾಡನ್ನು ಇನ್ನೊಮ್ಮೆ ಬಾರಿಸಿರೆಂದು ಕೇಳಿದರು. ಬಾರಿಸಿದರು. ಹಾಡಿನ ಮುಖ, ಅಂದರೆ ಶುರುವಿನ ಧಾಟಿ, ಅದೇ, ಆದರೆ ನಡುವಿನದು ಪೂರಾ ಬೇರೆ. ನಾನು ಸಮೋಸ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಎರಡರಲ್ಲಿ ಸರಿಯಾದದ್ದು ಯಾವುದು ಎಂದು ಅವರನ್ನು ಕೇಳಿಬಿಟ್ಟೆ. ಎರಡೂ ಸರಿ, ನಾಳೆ ಬಂದರೆ ಮೂರನೆಯದು ಕೇಳಬಹುದು ಎಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದಕ್ಕೆ ಜಾಜ್ ಅನ್ನುತ್ತಾರೆ. ಹಾಡಿನ ಮುಖವನ್ನು ಮೊದಲು ಎಲ್ಲರೂ ಸೇರಿ ಬಾರಿಸುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ಸರದಿ ಬಂದಾಗ, ಅದೇ ಹಾಡಿನ ಲೆಕ್ಕದೊಳಗೆ, ಆ ಗಳಿಗೆಯಲ್ಲಿ ಮನಸ್ಸಿಗೆ ಬಂದದ್ದನ್ನು ಹೊಸದಾಗಿ ಕಟ್ಟಬೇಕು. ಆ ಗಿಟಾರಿನವರ ಹೆಸರು ಯೇಸುರತ್ನಂ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಸಿಕಂದರಾಬಾದಿನ ಲಾಲಾಗುಡದಲ್ಲಿ ಮನೆ. ನಾನು ಭಾನುವಾರ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಹೋಗುತ್ತೇನೆ. ಹಳೆಯದೊಂದು ಗಿಟಾರನ್ನು ಕಲಿಯಲೆಂದು ಕೊಟ್ಟಿದ್ದಾರೆ. ಪುಸ್ತಕ ಇಲ್ಲ, ಬರೆದುಕೊಳ್ಳುವುದು ಇಲ್ಲ, ಎಲ್ಲ ಕಿವಿಯ ಮೇಲೆ. "ಪಹಲೇ ಗಾ, ಬಾದ್ ಮೇ ಬಜಾ" ಅನ್ನುತ್ತಾರೆ, ಮೊದಲು ಹಾಡು ಆಮೇಲೆ ಬಾರಿಸು ಎಂದು. ಬಾಯಲ್ಲಿ ಹಾಡಲು ಬಾರದ ಸ್ವರವನ್ನು ತಂತಿಯ ಮೇಲೆ ಮುಟ್ಟುವಂತಿಲ್ಲ.

ಹಾಡುವುದು ನನಗೆ ಕಷ್ಟವಾಗಲಿಲ್ಲ ಅಪ್ಪಾ. ನೀವು ಪಡಸಾಲೆಯಲ್ಲಿ ಚನ್ನುವನ್ನು ಕೂರಿಸಿಕೊಂಡು ಪೇಟಿ ಕಲಿಸುವಾಗ ಅವನು ಕಿಟಕಿಯಾಚೆ ಗೋಲಿಯಾಡುವವರನ್ನು ನೋಡುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತ ಅವನ ಪಾಠವನ್ನೆಲ್ಲ ಬಾಯಿಪಾಠ ಮಾಡಿದವಳು ನಾನು. ನನಗೆ ಯಾಕೆ ಕಲಿಸಲಿಲ್ಲ ಎಂದು ಕೇಳುತ್ತಿಲ್ಲ. ಕಲಿತೆ ಎಂದು ಹೇಳುತ್ತಿದ್ದೇನೆ.

ನಿಮ್ಮ ಮಗಳು
ಗುರುದೇವಿ

•

ಮುದಗಲ್
27 ಜೂನ್ 2004

ನನ್ನವ್ವ ಗುರುದೇವಿ,

ನಿನ್ನ ಕಾಗದ ಬಂತು. ಅವ್ವನಿಗೆ ಓದಿ ಹೇಳಿದೆ. ಗಿಟಾರಿನ ವಿಷಯ ಬಂದಾಗ ಅವಳು ಕೇಳಿದ್ದು ಒಂದೇ ಮಾತು, "ಭಾಳ ಭಾರ ಇರ್ತೈತೇನು ಅದು?" ಎಂದು. ನನಗೆ ತಿಳಿಯದು ಎಂದೆ.

ಮದುವೆ ವಯಸ್ಸಿಗೆ ಬಂದ ಮಗಳು ಭಾನುವಾರ ಬಟ್ಟೆ ಒಗೆಯುವುದು ಬಿಟ್ಟು ಗಾರ್ಡ್ ಸಾಹೇಬರ ಮನೆಗೆ ರೈಲು ಹತ್ತಿ ಹೋಗುತ್ತಾಳೆ ಎಂದರೆ ನಾನು ಬೈಯಬೇಕು. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ನಿನ್ನದು ಎರಡರಲ್ಲಿ ಯಾವುದಾಗುತ್ತದೋ ನೋಡೋಣ. ಮನೆಯೊಳಗೆ ಕೂತು ಮನಸ್ಸಿನ ಸಮಾಧಾನಕ್ಕೆ ಬಾರಿಸಿದರೆ ಯಾರಿಗೂ ತೊಂದರೆಯಿಲ್ಲ.

ಆದರೆ ಕಲಿಯುವುದಾದರೆ ಸರಿಯಾಗಿ ಕಲಿ. ಒಂದು ಮಾತು ಹೇಳುತ್ತೇನೆ. ಷಡ್ಜ ಬಿಡಬೇಡ. ಯಾವ ದೇಶದ ಹಾಡಾದರೂ ಸಾ ಒಂದೇ. ಕಿವಿಯಲ್ಲಿ ಅದು ಸದಾ ಮೊಳಗುತ್ತಿರಬೇಕು, ಉಳಿದ ಸ್ವರಗಳೆಲ್ಲ ಅದರ ಸುತ್ತ ಇರುತ್ತವೆ. ಬಾರಿಸುವಾಗ ಬಾಯಿ ಮುಚ್ಚಿಕೊಂಡು ಒಳಗೇ ಸಾ ಹಿಡಿದಿರು. ಕೆಡುವುದಿಲ್ಲ.

ಆ ರತ್ನಂ ಅವರ ಗಿಟಾರಿಗೆ ತಂತಿ ಎಷ್ಟು? ಮೀಂಡ್ ಎಳೆಯಲು, ಸ್ವರದಿಂದ ಸ್ವರಕ್ಕೆ ಜಾರಲು, ಬರುತ್ತದೆಯೇ? ಸುಮ್ಮನೆ ಕೇಳಿದೆ.

ಚಟ್ನಿ ಎರಡು ಡಬ್ಬಿ ಕಳಿಸಿದ್ದೇವೆ. ಒಂದರ ಮೇಲೆ ಭವಾನಿಯ ಹೆಸರು ಬರೆದಿದೆ, ನಿನ್ನ ಡಬ್ಬಿಗೆ ಕೈ ಹಾಕದಿರಲಿ ಎಂದು.

ನಿನ್ನ ಅಪ್ಪ
ಅಮರಯ್ಯ

•

ಸನತ್‌ನಗರ
22 ಆಗಸ್ಟ್ 2004

ಅಪ್ಪಾ,

ತಂತಿ ಆರು. ಮೀಂಡ್ ಬರುತ್ತದೆ, ಆದರೆ ನಿಮ್ಮ ಕಂಪನಿಯ ಸಾರಂಗಿಯವರ ಹಾಗೆ ಅಲ್ಲ. ಬೆರಳ ತುದಿಗಳು ಈಗ ಗಟ್ಟಿಯಾಗಿವೆ. ರೊಟ್ಟಿ ತಿರುವಿಹಾಕುವಾಗ ಬಿಸಿಯೇ ತಾಗುವುದಿಲ್ಲ ಎಂದು ಅವ್ವನಿಗೆ ಹೇಳಿ.

ನಿಮ್ಮ ಮಾತು ಕೇಳಿ ನಾನು ಕೆಟ್ಟೆ. ಸಾ ಹಿಡಿದುಕೊಂಡೇ ಬಾರಿಸಿದೆ. ಹಾಡಿನ ಮೊದಲ ಭಾಗ ಹೂವು ಎತ್ತಿದ ಹಾಗೆ ಹೋಯಿತು. ನಡುಭಾಗ ಬಂತು, ಅಲ್ಲಿಂದ ನಾನು ಬಾರಿಸಿದ್ದೆಲ್ಲ ಹುಳಿ. ಮೂರು ವಾರ ಹಾಗೇ ಆಯಿತು. ಕೊನೆಗೆ ರತ್ನಂ ಸರ್ ಗಿಟಾರ್ ಕೆಳಗಿಟ್ಟು, ಒಳಗೊಳಗೆ ಏನು ಹಾಡಿಕೊಳ್ಳುತ್ತಿದ್ದೀಯ, ಜೋರಾಗಿ ಹಾಡು ಎಂದರು. ಹಾಡಿದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಈ ಹಾಡು ನಡುಭಾಗದಲ್ಲಿ ಮನೆಯನ್ನೇ ಬದಲಿಸುತ್ತದಂತೆ. ಅಲ್ಲಿಗೆ ಹೋದ ಮೇಲೆ ಸಾ ಬೇರೆ. ನಾನು ಮಾತ್ರ ಹಳೆಯ ಮನೆಯ ಬಾಗಿಲು ಹಿಡಿದು ನಿಂತಿದ್ದೆ. ಇದನ್ನು ಯಾರು ಕಲಿಸಿದರು ಎಂದರು. ನಮ್ಮ ಅಪ್ಪ ಎಂದೆ. ನಗು ನಿಲ್ಲಿಸಿ, ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು, ಇಷ್ಟು ಗಟ್ಟಿಯಾದ ಸಾ ಈ ಊರಿನಲ್ಲಿ ಯಾರ ಹತ್ತಿರವೂ ಇಲ್ಲ, ಆದರೆ ಅದನ್ನು ಎತ್ತಿ ಇಡಲು ಕಲಿಯಬೇಕು ಎಂದರು.

ಅದಕ್ಕೆ ಈಗ ಹೊಸ ಅಭ್ಯಾಸ. ಹಾಡು ಕೇಳುವಾಗ ರಾಗದ ಕಡೆ ಲಕ್ಷ್ಯ ಕೊಡುವಂತಿಲ್ಲ. ದೊಡ್ಡ ತಂತಿಯವನು ಎಲ್ಲೆಲ್ಲಿ ಕಾಲಿಡುತ್ತಾನೋ ಆ ಸ್ವರವನ್ನು ಮಾತ್ರ ಹಾಡಬೇಕು. ರೈಲಿನಲ್ಲಿ ಹೋಗುವಾಗ ಹಾರ್ನಿನ ಎರಡು ಸ್ವರಗಳ ನಡುವೆ ಎಷ್ಟು ದೂರ ಎಂದು ಹೇಳಬೇಕು. ಮೊನ್ನೆ ಬಾಯಲ್ಲಿ ಹಾರ್ನು ಹಾಡುತ್ತಿದ್ದೆ, ಎದುರಿಗಿದ್ದ ಮುದುಕಿ ನನಗೆ ಜಾಗ ಬಿಟ್ಟು ದೂರ ಸರಿದು ಕೂತಳು.

ಮನೆ ಬದಲಿಸುವುದು ಬಂತು. ದೊಡ್ಡ ತೊಂದರೆ ಬೇರೆಯೇ ಇದೆ.

ನೀವು ಊರಿನವರಿಗೆಲ್ಲ ಮಗಳು ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ ಎಂದು ಹೇಳಿದ್ದೀರಿ. ನಿಜವಾಗಿ ನಾನು ಮಾಡುವುದು ಏನು ಗೊತ್ತೇ? ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ವಿಷಯ ಮಾತಾಡಿ ಧ್ವನಿಮುದ್ರಿಸಿ ಕಳಿಸುತ್ತಾರೆ. ನಾವು ಕಿವಿಗೆ ಹಾಕಿಕೊಂಡು ಕೇಳಿ, ಅದನ್ನು ಇದ್ದದ್ದಿದ್ದ ಹಾಗೆ ಟೈಪ್ ಮಾಡುತ್ತೇವೆ. ಕಾಲ ಕೆಳಗೆ ನಿಮ್ಮ ಕಾಲುಪೇಟಿಯಂತೆ ಒಂದು ಪೆಡಲ್ಲು. ಒತ್ತಿದರೆ ಮಾತು ಹಿಂದಕ್ಕೆ ಹೋಗುತ್ತದೆ, ಮತ್ತೆ ಕೇಳಬಹುದು. ಒಂದು ಕಟ್ಟುನಿಟ್ಟಿದೆ. ತಿಳಿಯದ ಮಾತನ್ನು ಊಹಿಸಿ ತುಂಬಬಾರದು. ಅಲ್ಲಿ ಜಾಗ ಖಾಲಿ ಬಿಡಬೇಕು. ರೋಗಿಯ ಜೀವದ ಪ್ರಶ್ನೆ. ನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ, ನನ್ನಷ್ಟು ತಪ್ಪಿಲ್ಲದೆ ಮಾಡುವವರು ನಮ್ಮ ಮಹಡಿಯಲ್ಲಿ ಇಲ್ಲ.

ಹಾಗಾಗಿ ಯಾರು ಏನು ಬಾರಿಸಿದರೂ ನಾನು ಹಿಂದೆ ಹೋಗಿ ಮುಂದೆ ಬಂದು ಕೇಳಿ, ಅವರ ಉಸಿರಿನ ಸಮೇತ ಬಾರಿಸಿ ತೋರಿಸುತ್ತೇನೆ. ರತ್ನಂ ಸರ್ ಬಾರಿಸಿದ್ದನ್ನು ಅವರಿಗೇ ವಾಪಸು ಬಾರಿಸಿದರೆ ಗಾಬರಿಯಾಗುತ್ತಾರೆ. ಈಗ ನಿನ್ನದು ಬಾರಿಸು ಎನ್ನುತ್ತಾರೆ. ಆಗ ನನ್ನ ಕೈ ನಿಂತುಬಿಡುತ್ತದೆ. ನನ್ನದು ಎಂಬುದು ಏನೂ ಕೇಳಿಸುವುದಿಲ್ಲ. ನನ್ನ ಸರದಿ ಪೂರ್ತಿ ಖಾಲಿ ಬಿಟ್ಟು ಕೂರುತ್ತೇನೆ. ಅವರು ಬೈಯುವುದಿಲ್ಲ, ದೊಡ್ಡ ತಂತಿಯ ಹೆಜ್ಜೆಯನ್ನು ತಾವೇ ಬಾರಿಸುತ್ತ ನನಗಾಗಿ ಕಾಯುತ್ತಾರೆ. ಅದು ಬೈಗುಳಕ್ಕಿಂತ ಕಷ್ಟ.

ನೀವಾದರೆ ಏನು ಮಾಡುತ್ತಿದ್ದಿರಿ?

ಗುರುದೇವಿ

•

ಮುದಗಲ್
5 ಸೆಪ್ಟೆಂಬರ್ 2004

ನನ್ನವ್ವ,

ರತ್ನಂ ಅವರು ನಕ್ಕದ್ದನ್ನು ಓದಿ ಮೊದಲು ಸಿಟ್ಟು ಬಂತು. ಮೂವತ್ತೈದು ವರ್ಷ ಪೇಟಿಯ ಮುಂದೆ ಕೂತವನಿಗೆ ಸಾ ಹೇಳಿಕೊಡಲು ರೈಲಿನವರು ಬೇಕೇ ಎಂದೆ. ಊಟ ಆದ ಮೇಲೆ ಕೂತು ಯೋಚಿಸಿದರೆ, ಅವರು ಹೇಳಿದ್ದನ್ನು ನಾನೇ ಎಷ್ಟು ಸಲ ಮಾಡಿದ್ದೇನೆ. ನಮ್ಮಲ್ಲಿ ರಾಜನ ಪಾರ್ಟು ಮಾಡುತ್ತಿದ್ದ ಸಿದ್ದರಾಮಪ್ಪ ಕರಿ ಎರಡರಲ್ಲಿ, ಪೇಟಿಯ ಎರಡನೆಯ ಕರಿ ಪಟ್ಟಿಯನ್ನು ಸಾ ಮಾಡಿಕೊಂಡು, ಹಾಡುವವನು. ಒಂದು ದಿನ ಗಂಟಲು ಕಟ್ಟಿ ಬಿಳಿ ಎರಡಕ್ಕೆ ಇಳಿದುಬಿಟ್ಟ, ಅದೂ ಹಾಡಿನ ನಡುವೆ. ನಾನು ಹಳೆಯ ಸಾ ಹಿಡಿದು ಕೂತಿದ್ದರೆ ಅವನ ಮಾನ ಹೋಗುತ್ತಿತ್ತು. ಅವನು ಎಲ್ಲಿ ಬಿದ್ದನೋ ಅಲ್ಲಿ ಹೋಗಿ ಹೊಸ ಸಾ ಹಾಸಿದೆ. ರತ್ನಂ ಅವರಿಗೆ ನನ್ನ ನಮಸ್ಕಾರ ಹೇಳು, ಅವರದೇ ಸರಿ.

ಈಗ ನಿನ್ನ ಪ್ರಶ್ನೆ. ಅದೇ ಸಿದ್ದರಾಮಪ್ಪನಿಗೆ ಕುಡಿತದ ಚಟ ಇತ್ತು. ಮಾತು ಮರೆಯುವನು. ಮುಂದೆ ಸಾವಿರ ಜನ, ಅವನು ಕತ್ತಿ ಹಿಡಿದು ಬಾಯಿ ತೆರೆದು ನಿಂತಿರುತ್ತಿದ್ದ. ಆಗ ಪೇಟಿಯವನು ತುಂಬಬೇಕು. ಏನು ತುಂಬುವುದು? ಬರೆದದ್ದು ಇಲ್ಲ, ಕಲಿತದ್ದು ಇಲ್ಲ. ನಾನು ಅವನ ಕೊನೆಯ ಮಾತನ್ನು ಹಿಡಿಯುತ್ತಿದ್ದೆ. ಅವನು "ಎಲೈ ಮಂತ್ರಿ" ಎಂದು ನಿಲ್ಲಿಸಿದರೆ, ಆ ಎಳೆತ ಎಲ್ಲಿಗೆ ಹೋಗಬೇಕೆಂದು ಪೇಟಿಯಲ್ಲಿ ಕೇಳುತ್ತಿದ್ದೆ. ಒಂದು ಸ್ವರ ಇಟ್ಟರೆ ಅದೇ ಮುಂದಿನದನ್ನು ಕೇಳುತ್ತದೆ. ಅದಕ್ಕೆ ಜವಾಬು ಕೊಟ್ಟರಾಯಿತು. ಪೂರಾ ಹಾಡನ್ನು ಮೊದಲೇ ಕೇಳಿಸಿಕೊಳ್ಳಲು ಹೋದರೆ ದೇವರಿಗೂ ಕೇಳಿಸುವುದಿಲ್ಲ.

ಗಂಗಾವತಿ ಕ್ಯಾಂಪಿನಲ್ಲಿ ಒಮ್ಮೆ ಅವನಿಗೆ ಮಾತು ನೆನಪಾಗಲೇ ಇಲ್ಲ. ನಾನು ಬಾರಿಸುತ್ತಲೇ ಹೋದೆ. ಕೊನೆಗೆ ಜನ ಒನ್ಸ್ ಮೋರ್ ಎಂದು ಕೂಗಿದರು, ಪೇಟಿಗೆ. ರಾಜನಿಗೆ ಸಿಟ್ಟು ಬಂದು ಆ ರಾತ್ರಿ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಅದಕ್ಕೆ ಒಂದು ಸ್ವರ ಇಡು. ಅದು ಏನು ಕೇಳುತ್ತದೆ ಎಂದು ಕೇಳು. ನಿನ್ನ ಕಿವಿ ಛಲೋ ಇದೆ. ಅದು ನನಗೆ ಆಗಲೂ ಗೊತ್ತಿತ್ತು. ಚನ್ನು ತಪ್ಪು ಬಾರಿಸಿದಾಗೆಲ್ಲ ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು.

ಅವ್ವ ಕೇಳುತ್ತಿದ್ದಾಳೆ, ಬೆರಳಿಗೆ ಎಣ್ಣೆ ಹಚ್ಚುತ್ತೀಯೋ ಇಲ್ಲವೋ.

ಅಮರಯ್ಯ

•

ಸನತ್‌ನಗರ
14 ನವೆಂಬರ್ 2004

ಅಪ್ಪಾ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ರೊಟ್ಟಿಯ ಸದ್ದಿನ ಮಾತು ಬಂದಾಗ ಅತ್ತುಬಿಟ್ಟೆ. ಭವಾನಿ ಹೆದರಿ, ಊರಲ್ಲಿ ಯಾರಿಗೆ ಏನಾಯಿತು ಎಂದು ಕೇಳಿದಳು.

ಒಂದು ಸ್ವರ ಇಟ್ಟು ಕೇಳುವುದು ನಡೆದಿದೆ. ರತ್ನಂ ಸರ್ ಮನೆಯಲ್ಲಿ, ಅವರೊಬ್ಬರೇ ಇದ್ದರೆ, ನನ್ನ ಸರದಿಯಲ್ಲಿ ಈಗ ಏನೋ ಒಂದು ಬರುತ್ತದೆ. ಸಣ್ಣದು, ತಡವರಿಸುವಂಥದು, ಆದರೆ ಯಾರದೂ ಅಲ್ಲ. ಅದು ಬಂದ ದಿನ ಅವರು ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದು ಕೂರಿಸಿದರು. ಅವರ ಎದುರಿಗೆ ನನ್ನ ಕೈ ಮತ್ತೆ ನಿಂತಿತು.

ಈಗ ನಿಮ್ಮನ್ನು ಒಂದು ಕೇಳಬೇಕು. ರತ್ನಂ ಸರ್ ಅವರ ಬೆರಳ ಗೆಣ್ಣುಗಳು ಹಿಡಿದುಕೊಂಡಿವೆ. ಫೆಬ್ರವರಿಯಲ್ಲಿ ಮನೆ ಖಾಲಿ ಮಾಡಿ ವಿಶಾಖಪಟ್ಟಣಕ್ಕೆ ಮಗಳ ಹತ್ತಿರ ಹೋಗುತ್ತಾರೆ. ಹೋಟೆಲಿನಲ್ಲಿ ಭಾನುವಾರ ಸಂಜೆ ಚಹಾದ ಹೊತ್ತಿನಲ್ಲಿ ಅವರು ಕೂರುವ ಕುರ್ಚಿ ಖಾಲಿಯಾಗುತ್ತದೆ. ಅಲ್ಲಿ ನಾನು ಕೂರಬೇಕೆಂದು ಅವರ ಆಸೆ. ಜನವರಿ ಕೊನೆಯ ಭಾನುವಾರ ನಾನು ಉಳಿದಿಬ್ಬರ ಜೊತೆ ಬಾರಿಸಬೇಕು, ಹೋಟೆಲಿನವರು ಕೇಳಿ ಹೂಂ ಎಂದರೆ ಕುರ್ಚಿ ನನ್ನದು. ಕೆಲಸ ಬಿಡುವುದಿಲ್ಲ. ವಾರಕ್ಕೆ ಒಂದು ಸಂಜೆ ಅಷ್ಟೇ.

ಬೇರೆ ಎಷ್ಟೋ ಹುಡುಗರು ಇದ್ದಾರೆ, ನಾನೇ ಯಾಕೆ ಎಂದೆ. ಅವರು ಹೇಳಿದ್ದು: "ವೋ ಲೋಗ್ ಬಜಾತೇ ಹೈ, ತು ಸುನ್‌ತೀ ಹೈ ಅಮ್ಮಾ." ಅವರೆಲ್ಲ ಬಾರಿಸುತ್ತಾರೆ, ನೀನು ಕೇಳುತ್ತೀಯ ಎಂದು.

ನನಗೆ ಬೇಕು ಅಪ್ಪಾ. ಇಷ್ಟು ವರ್ಷದಲ್ಲಿ ಇದೊಂದು ಬೇಕು ಎಂದು ನಾನು ನಿಮ್ಮನ್ನು ಏನನ್ನೂ ಕೇಳಿಲ್ಲ. ನೀವು ಹೂಂ ಅನ್ನಬೇಕು.

ಗುರುದೇವಿ

•

ಮುದಗಲ್
24 ನವೆಂಬರ್ 2004

ಗುರುದೇವಿಗೆ ಆಶೀರ್ವಾದ.

ಬೇಡ.

ಕಲಿ, ಬಾರಿಸು, ರತ್ನಂ ಅವರ ಮನೆಯಲ್ಲಿ ಬಾರಿಸು, ಇಲ್ಲಿ ಬಂದಾಗ ಅವ್ವನ ಮುಂದೆ ಬಾರಿಸು. ಉಣ್ಣುವವರ ಕುಡಿಯುವವರ ಮುಂದೆ ಕೂತು ಬಾರಿಸುವುದು ಬೇಡ.

ನಮ್ಮ ಕಂಪನಿಯಲ್ಲಿ ಸಾವಿತ್ರಿಬಾಯಿ ಎಂಬುವಳಿದ್ದಳು. ನೀನು ನೋಡಿಲ್ಲ. ಅವಳು ಹಾಡಿದರೆ ನನ್ನ ಪೇಟಿ ಹಿಂದೆ ಬೀಳುತ್ತಿತ್ತು, ಅಂಥ ಕಂಠ. ಟಿಕೆಟ್ ತೆಗೆದುಕೊಂಡು ಬಂದು ಚಪ್ಪಾಳೆ ಹೊಡೆದವರೇ ನಾಟಕ ಮುಗಿದ ಮೇಲೆ ಟೆಂಟಿನ ಹಿಂದೆ ನಿಂತು ಏನೇನು ಮಾತಾಡುತ್ತಿದ್ದರು ಎಂದು ಮಗಳಿಗೆ ಬರೆಯಲು ಬರುವುದಿಲ್ಲ. ಕಂಪನಿ ಮುಚ್ಚಿದ ಮೇಲೆ ಅವಳಿಗೆ ಬಾಡಿಗೆ ಮನೆ ಕೊಡುವವರು ಸಿಗಲಿಲ್ಲ. ಹಾಡುವುದನ್ನೇ ಬಿಟ್ಟಳು. ನಿನಗೆ ಪೇಟಿ ಯಾಕೆ ಕಲಿಸಲಿಲ್ಲ ಎಂದು ನೀನು ಕೇಳಲಿಲ್ಲ. ಕೇಳಿದ್ದರೆ ಇದೇ ಜವಾಬು.

ಅಮರಯ್ಯ

•

ಸನತ್‌ನಗರ
19 ಡಿಸೆಂಬರ್ 2004

ಅಪ್ಪಾ,

ತಡವಾಗಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆದ ಎರಡು ಕಾಗದ ಹರಿದು ಹಾಕಿದೆ.

ಸಾವಿತ್ರಿಬಾಯಿಗೆ ಮನೆ ಕೊಡದವರದು ತಪ್ಪು. ಹಾಡಿದ್ದು ಅವಳ ತಪ್ಪಲ್ಲ. ಅವಳ ಮುಂದೆ ಕೂತು ಪೇಟಿ ಬಾರಿಸಿದ ನಿಮಗೆ ಮನೆಯೂ ಸಿಕ್ಕಿತು, ಮರ್ಯಾದೆಯೂ ಸಿಕ್ಕಿತು. ಇಬ್ಬರೂ ಕೂತದ್ದು ಒಂದೇ ರಂಗದ ಮೇಲೆ.

ಇಲ್ಲಿ ನನ್ನ ಜೊತೆ ಬಾರಿಸುವ ಡ್ರಮ್ಮಿನ ಸುಬ್ಬರಾಯರು ಬ್ಯಾಂಕಿನಲ್ಲಿದ್ದಾರೆ, ಅಭ್ಯಾಸ ಮುಗಿದ ಮೇಲೆ ಅವರ ಹೆಂಡತಿಯೇ ನನ್ನನ್ನು ಸ್ಕೂಟರಿನಲ್ಲಿ ಮನೆಗೆ ಬಿಟ್ಟು ಹೋಗುತ್ತಾರೆ. ಮಾತಾಡುವವರು ಇಲ್ಲಿಯೂ ಇರುತ್ತಾರೆ. ನಾನು ಕಚೇರಿಗೆ ಹೋದರೂ ಮಾತಾಡಿದರು, ಇನ್ನೂ ಮದುವೆಯಾಗಿಲ್ಲ ಎಂದರೂ ಮಾತಾಡಿದರು.

ಆ ಭಾನುವಾರ ನಾನು ಹೋಗುತ್ತೇನೆ. ನಿಮಗೆ ಹೇಳದೆ ಹೋಗಬಹುದಿತ್ತು. ಹಾಗೆ ಹೋಗಲು ಮನಸ್ಸು ಬರಲಿಲ್ಲ. ಒಂದು ವಿಷಯ ಮಾತ್ರ ನಿಮಗೆ ಗೊತ್ತಿರಲಿ. ನಿಮ್ಮ 'ಬೇಡ' ಬಂದ ಮೇಲೆ ನನ್ನ ಸರದಿ ಮತ್ತೆ ಖಾಲಿ ಹೋಗುತ್ತಿದೆ. ಒಂದು ಸ್ವರ ಇಡುತ್ತೇನೆ. ಅದು ನಿಮ್ಮನ್ನು ಕೇಳುತ್ತದೆ.

ಗುರುದೇವಿ

•

ಮುದಗಲ್
9 ಜನವರಿ 2005

ಅಕ್ಕಾ,

ಇದು ಚನ್ನು. ಅವ್ವ ಅಂಗಡಿಗೆ ಬಂದು ಕೂತು, ತಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರಿ ಎಂದಿದ್ದಾಳೆ. ಬರೆಯುತ್ತಿದ್ದೇನೆ.

"ಗುರುದೇವಿ, ನಾ ನಿಮ್ಮವ್ವ ಗಂಗಾಬಾಯಿ. ನಿನ್ನ ಕಾಗದ ಬಂದ ದಿನದಿಂದ ನಿಮ್ಮಪ್ಪಗ ಊಟ ಸೇರವಲ್ದು. ಜವಾಬು ಬರ್ಯಾಕ ಕುಂದ್ರತಾರ, ಪೆನ್ನು ಮುಚ್ಚಿ ಏಳತಾರ. 'ನಾ ಏನ್ ತಪ್ಪು ಹೇಳೀನಿ?' ಅಂತ ನನ್ನ ಕೇಳಿದ್ರು. ನಾ ಅಂದೆ, ಮೂವತ್ತೈದು ವರ್ಸ ನೀವು ಮಂದಿ ಮುಂದ ಬಾರಿಸಿದ್ರಿ, ನಾ ಇಲ್ಲಿ ಒಬ್ಬಾಕಿ ಮನಿ ಹಿಡಕೊಂಡು ಕುಂತೆ. ಮಂದಿ ನನಗ ಮಾತಾಡ್ಲಿಲ್ಲೇನ್ರಿ? ಮಾತಾಡಿದ್ರು. ನೀವು ಬಾರಿಸೂದು ಬಿಟ್ರೇನು? ಅಂದೆ. ಅವ್ರು ಎದ್ದು ಕೆರಿ ಕಡೆ ಹೋದ್ರು. ಹೂಂ ಅಂತ ಬಾಯಿ ಬಿಟ್ಟು ಹೇಳೂ ಗಂಡಸಲ್ಲ ಅದು. ನೀ ಕಾಯಬ್ಯಾಡ. ಹೋಗಿ ಬಾರಿಸು. ಬೆರಳಿಗೆ ಎಣ್ಣಿ ಹಚ್ಚು."

ಅವ್ವ ಹೇಳಿದ್ದು ಇಷ್ಟು. ಇನ್ನು ನನ್ನದು. ನಾನು ಮೊಬೈಲ್ ತೆಗೆದುಕೊಂಡಿದ್ದೇನೆ, ನಂಬರ್ ಹಿಂದುಗಡೆ ಬರೆದಿದ್ದೇನೆ, ಭವಾನಿ ಅಕ್ಕನಿಗೆ ಕೊಡು. ಅವತ್ತು ನೀನು ಬಾರಿಸಲು ಶುರು ಮಾಡಿದ ಕೂಡಲೇ ಅವರ ಮೊಬೈಲಿನಿಂದ ನನಗೆ ಫೋನ್ ಹಚ್ಚಿ ಹಿಡಿದಿರಲಿ. ನಾನು ಅಪ್ಪನ ಹತ್ತಿರವೇ ಇರುತ್ತೇನೆ. ಅಪ್ಪನಿಗೆ ಮೊದಲೇ ಹೇಳಿದರೆ ಕೆರೆ ಕಡೆ ಹೋಗಿಬಿಡುತ್ತಾರೆ, ಹೇಳುವುದಿಲ್ಲ.

ಚನ್ನು

•

ಸನತ್‌ನಗರ
31 ಜನವರಿ 2005

ಅಪ್ಪಾ,

ನಿನ್ನೆ ಬಾರಿಸಿದೆ.

ಅವ್ವ ಕಳಿಸಿದ ಇಳಕಲ್ ಸೀರೆ ಉಟ್ಟಿದ್ದೆ. ರತ್ನಂ ಸರ್ ಮೂಲೆಯ ಮೇಜಿನ ಹತ್ತಿರ ಹೆಂಡತಿಯೊಡನೆ ಕೂತಿದ್ದರು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು. ಸುತ್ತ ಐಟಿ ಕಂಪನಿಯವರು, ಒಂದೆರಡು ಸಂಸಾರ, ಕೇಕ್ ಬೇಕೆಂದು ಅಳುವ ಒಂದು ಕೂಸು. ನಮ್ಮ ಕಡೆ ತಿರುಗಿ ನೋಡಿದವರೇ ಕಡಿಮೆ. ನೀವು ಹೆದರಿದಷ್ಟು ಲಕ್ಷ್ಯ ಯಾರೂ ಕೊಡಲಿಲ್ಲ ಎಂದು ಹೇಳಿದರೆ ನಿಮಗೆ ಸಮಾಧಾನವೋ ಬೇಸರವೋ ತಿಳಿಯದು.

ಮುಖ ಚೆನ್ನಾಗಿ ಬಾರಿಸಿದೆವು. ನಡುಭಾಗದಲ್ಲಿ ಮನೆ ಬದಲಿಸಿ, ತಿರುಗಿ ಬಂದೆವು. ಆಮೇಲೆ ನನ್ನ ಸರದಿ. ಸುಬ್ಬರಾಯರು ಸದ್ದು ತಗ್ಗಿಸಿದರು, ದೊಡ್ಡ ತಂತಿಯವನು ಒಬ್ಬನೇ ನಡೆಯುತ್ತಿದ್ದ. ನನ್ನ ಕೈ ನಿಂತಿತು. ರತ್ನಂ ಸರ್ ಅವರ ಪಾಠವನ್ನೇ ಬಾರಿಸಿ ಪಾರಾಗಬಹುದಿತ್ತು, ಅದು ಬೆರಳ ತುದಿಯಲ್ಲೇ ಇತ್ತು. ಅದನ್ನು ಬಾರಿಸಬಾರದು ಎಂದಷ್ಟೇ ಮನಸ್ಸು ಗಟ್ಟಿ ಮಾಡಿಕೊಂಡೆ. ಬಾಯೊಳಗೆ ಒಂದು ಸ್ವರ ಹಾಡಿಕೊಂಡೆ, ಬಾರಿಸಿದೆ. ಬೆವರಿಗೆ ಬೆರಳು ಜಾರಿ ಪಕ್ಕದ ಸ್ವರದ ಮೇಲೆ ಬಿತ್ತು. ಕೆಟ್ಟ ಸ್ವರ, ಇಡೀ ಸಭೆಯಲ್ಲಿ ಅದೊಂದೇ ಕೇಳಿಸಿತು.

ಆ ಗಳಿಗೆಯಲ್ಲಿ ನನಗೆ ಹೆದರಿಕೆ ಹೋಯಿತು ಅಪ್ಪಾ. ಕೆಡುವುದು ಕೆಟ್ಟಾಯಿತಲ್ಲ. ಅದೇ ಸ್ವರವನ್ನು ಇನ್ನೊಮ್ಮೆ ಬಾರಿಸಿದೆ, ಬೇಕೆಂದೇ. ಅದು ಏನು ಕೇಳುತ್ತದೆ ಎಂದು ಕೇಳಿದೆ. ಮೇಲಕ್ಕೆ ಹೋಗಬೇಕು ಎಂದಿತು. ಹೋದೆ. ಅಲ್ಲಿಂದ ಮುಂದೆ ನಾನು ಏನು ಬಾರಿಸಿದೆನೋ ನನಗೆ ನೆನಪಿಲ್ಲ, ಮತ್ತೆ ಬಾರಿಸು ಎಂದರೆ ಬರುವುದೂ ಇಲ್ಲ. ಮುಗಿದಾಗ ಅಳುತ್ತಿದ್ದ ಕೂಸು ಸುಮ್ಮನಾಗಿತ್ತು. ರತ್ನಂ ಸರ್ ತಲೆ ಎತ್ತಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು.

ಕುರ್ಚಿ ನನಗೆ ಸಿಕ್ಕಿತು. ಫೆಬ್ರವರಿಯಿಂದ ಪ್ರತಿ ಭಾನುವಾರ.

ಭವಾನಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದಳಂತೆ. ಅವಳ ಕರೆನ್ಸಿ ನಡುವೆಯೇ ಮುಗಿದು ಫೋನ್ ಕಡಿದುಹೋಯಿತಂತೆ, ಯಾವಾಗ ಎಂದು ಅವಳಿಗೂ ಗೊತ್ತಿಲ್ಲ. ಮುಖ ಊದಿಸಿಕೊಂಡು ಕೂತಿದ್ದಾಳೆ. ನೀವು ಕೇಳಿದಿರೋ ಇಲ್ಲವೋ, ಎಷ್ಟು ಕೇಳಿದಿರೋ, ಚನ್ನುವಿಗೆ ಫೋನ್ ಮಾಡಿ ತಿಳಿದುಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ನೀವೇ ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ ಮಗಳು
ಗುರುದೇವಿ

•

ಮುದಗಲ್
6 ಫೆಬ್ರವರಿ 2005

ನನ್ನವ್ವ ಗುರುದೇವಿ,

ಆ ದಿನ ಸಂಜೆ ನಾನು ಪಡಸಾಲೆಯಲ್ಲಿ ಕೂತಿದ್ದೆ. ಚನ್ನು ಬಂದು ಏನೂ ಹೇಳದೆ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದ. ಮೊದಲು ಕಪ್ಪು ಬಸಿಗಳ ಸದ್ದು, ಒಂದು ಕೂಸಿನ ಅಳು. ಆಮೇಲೆ ಗಿಟಾರ್. ನಾನು ಜೀವನದಲ್ಲಿ ಆ ವಾದ್ಯವನ್ನು ಲಕ್ಷ್ಯಗೊಟ್ಟು ಕೇಳಿದವನಲ್ಲ. ಆದರೂ ನೀನೇ ಎಂದು ತಿಳಿಯಿತು. ಹೇಗೆ ಎಂದು ಕೇಳಬೇಡ. ಸಿಟ್ಟು ಮಾಡಬೇಕೆಂದಿದ್ದೆ, ಮರೆತುಹೋಯಿತು.

ಹಾಡು ಮನೆ ಬದಲಿಸಿದ್ದು ಕೇಳಿಸಿತು. ತಿರುಗಿ ಬಂದದ್ದೂ ಕೇಳಿಸಿತು. ಆಮೇಲೆ ಎಲ್ಲ ಸುಮ್ಮನಾಗಿ ದೊಡ್ಡ ತಂತಿ ಒಂದೇ ಉಳಿಯಿತು. ನಿನ್ನ ಸರದಿ ಎಂದು ಗೊತ್ತಾಯಿತು. ನೀನು ಬಾರಿಸಲಿಲ್ಲ. ನಾನು ಚನ್ನುವಿನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವನು ನೋವು ಎಂದ. ಆಗ ಒಂದು ಸ್ವರ ಬಂತು. ತಪ್ಪು ಸ್ವರ. ಅಷ್ಟಕ್ಕೆ ಫೋನ್ ಕಡಿಯಿತು.

ಚನ್ನು ಮತ್ತೆ ಮತ್ತೆ ಹಚ್ಚಿದ, ಹತ್ತಲಿಲ್ಲ. ನಾಳೆ ಕೇಳಿದರಾಯಿತು ಎಂದ. ನನ್ನಿಂದ ಕೂರಲಾಗಲಿಲ್ಲ. ಅಷ್ಟು ಜನರ ಮುಂದೆ ನೀನು ಒಂದು ತಪ್ಪು ಸ್ವರದ ಮೇಲೆ ಒಬ್ಬಳೇ ನಿಂತಿದ್ದೀ, ನಾನು ಇಲ್ಲಿ ಕೈ ಕಟ್ಟಿಕೊಂಡು ಕೂರುವುದು ಹೇಗೆ? ಪೇಟಿಯ ಮೇಲಿನ ಅವ್ವನ ಡಬ್ಬಿಗಳನ್ನೆಲ್ಲ ಇಳಿಸಿದೆ. ಆ ತಪ್ಪು ಸ್ವರವನ್ನೇ ಹಿಡಿದೆ. ಅಲ್ಲಿಂದ ಮುಂದೆ ನಾನೇ ಬಾರಿಸಿದೆ.

ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಆತುಕೊಂಡು ನಿಂತಿದ್ದಳು. ನಿನ್ನನ್ನು ಮನೆ ಮುಟ್ಟಿಸಿದ ಮೇಲೆಯೇ ಕೈ ಎತ್ತಿದೆ.

ನಿನ್ನ ಕಾಗದ ಓದಿ ಈಗ ತಿಳಿಯಿತು. ನಾನು ಆ ಸ್ವರದಿಂದ ಕೆಳಕ್ಕೆ ಇಳಿದಿದ್ದೆ, ನೀನು ಮೇಲಕ್ಕೆ ಹೋಗಿದ್ದೀ. ಎರಡೂ ಸರಿ. ನಿನ್ನದು ಹೆಚ್ಚು ಛಲೋ.

ಭಾನುವಾರಗಳನ್ನು ತಪ್ಪಿಸಬೇಡ. ಯುಗಾದಿಗೆ ರಜೆ ಹಾಕಿ ಬಾ, ಗಿಟಾರ್ ತಾ. ನನ್ನ ಹತ್ತಿರ ಪೇಟಿ ಕಲಿಯುವುದು ನಿನಗೆ ಇನ್ನೂ ಬಾಕಿ ಇದೆ, ಅದನ್ನು ಶುರು ಮಾಡೋಣ. ನನಗೂ ನೀನು ಆ ನಡುಭಾಗ ಹೇಳಿಕೊಡಬೇಕು. ಪಡಸಾಲೆಯಲ್ಲೇ ಕೂರೋಣ. ಬೀದಿ ಬಾಗಿಲು ತೆಗೆದಿರಲಿ. ಓಣಿಯ ಜನ ಕೇಳಲಿ.

ನಿನ್ನ ಅಪ್ಪ
ಅಮರಯ್ಯ